ಹಳೇ ವಿಡಿಯೋ ಗೇಮ್‌ಗಳ ಪ್ರದರ್ಶನವನ್ನು ಊರೂರಿಗೆ ಒಯ್ಯುವುದು ಹೇಗೆ?

"ನಮ್ಮನೆ ಅಟ್ಟದಲ್ಲಿ ನಾಲ್ಕು ಹಳೇ ಟೀವಿ ಗೇಮ್ ಇವೆ. ಗೆಳೆಯರ ಹತ್ತಿರ ಇನ್ನೊಂದಷ್ಟು ಸಿಗುತ್ತವೆ. ಎಲ್ಲ ಸೇರಿಸಿ ನಾಲ್ಕಾರು ಊರಲ್ಲಿ ಒಂದು ಪ್ರದರ್ಶನ ಮಾಡಬೇಕು. ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಿದೆ. ಒಬ್ಬೊಬ್ಬರಿಗೆ ಉತ್ತರ ಬರೆದು ಸಾಕಾಗಿ, ಒಂದೇ ಕಡೆ ಬರೆದಿಡುತ್ತಿದ್ದೇನೆ.

ನನ್ನ ಉತ್ತರ: ಮೂರನೇ ಊರಿನಿಂದ ಶುರು ಮಾಡಿ.

ಮೊದಲನೇ ಊರಲ್ಲಿ ಎಲ್ಲರ ಪ್ರದರ್ಶನವೂ ಚೆನ್ನಾಗಿಯೇ ನಡೆಯುತ್ತದೆ. ಹೊಸ ಹುರುಪು, ಜೊತೆಗೆ ಗೆಳೆಯರ ದಂಡು, ಎಲ್ಲ ರಿಮೋಟ್‌ಗಳೂ ಕೆಲಸ ಮಾಡುತ್ತಿರುತ್ತವೆ. ಎರಡನೇ ಊರಿಗೆ ದಂಡು ಅರ್ಧ ಆಗುತ್ತದೆ. ಮೂರನೇ ಊರು ಮುಟ್ಟುವಷ್ಟರಲ್ಲಿ ಒಂದು ಟೀವಿಯ ಮೂಲೆಗೆ ನೇರಳೆ ಬಣ್ಣ ಹತ್ತಿರುತ್ತದೆ, ಎರಡು ರಿಮೋಟ್ ಸತ್ತಿರುತ್ತವೆ, ಯಾವ ಅಡಾಪ್ಟರ್ ಯಾವುದಕ್ಕೆ ಅಂತ ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ಕೆಳಗಿನ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಮೂರನೇ ಊರಲ್ಲೂ ನಡೆಯುತ್ತಾ?

ಶುರು ಮಾಡುವ ಮೊದಲು ಮಾತಿನ ಬಗ್ಗೆ ಒಂದು ಸಣ್ಣ ಒಪ್ಪಂದ. ನಾವು ಚಿಕ್ಕವರಿದ್ದಾಗ ಹೇಳುತ್ತಿದ್ದ ಹಾಗೇ ಹೇಳುತ್ತೇನೆ. ಯಂತ್ರಕ್ಕೆ ಟೀವಿ ಗೇಮ್, ಅದಕ್ಕೆ ಹಾಕುವ ಡಬ್ಬಿಗೆ ಕ್ಯಾಸೆಟ್, ಕೈಯಲ್ಲಿ ಹಿಡಿಯುವುದಕ್ಕೆ ರಿಮೋಟ್, ಪಿಕ್ಚರ್ ಟ್ಯೂಬ್ ಇರುವ ಹಳೇ ಟೀವಿಗೆ ಡಬ್ಬಾ ಟೀವಿ.

ಹಂತ 1: ಒಂದು ಪ್ರಶ್ನೆ ಹಿಡಿದುಕೊಳ್ಳಿ

"ವಿಡಿಯೋ ಗೇಮ್ ಇತಿಹಾಸ" ಅಂತ ಬೋರ್ಡ್ ಹಾಕಿದರೆ ಅದಕ್ಕೆ ಕೊನೆಯೇ ಇಲ್ಲ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬೋಥಮ್ ಕರೆಂಟಿನ ಅಲೆಗಳನ್ನು ತೋರಿಸುವ ಆಸಿಲೋಸ್ಕೋಪ್ ಉಪಕರಣದ ಪುಟ್ಟ ಪರದೆ ಮೇಲೆ ಟೆನಿಸ್ ಆಡಿಸಿದ್ದು 1958ರಲ್ಲಿ. ರಾಲ್ಫ್ ಬೇರ್ ತಲೆಯಲ್ಲಿ ಹುಟ್ಟಿದ ಮ್ಯಾಗ್ನವಾಕ್ಸ್ ಒಡಿಸ್ಸಿ ಅನ್ನುವ ಟೀವಿ ಗೇಮ್ ಅಲ್ಲಿನ ಮನೆಗಳ ಟೀವಿಗೆ ಬಂದದ್ದು 1972ರಲ್ಲಿ. ಅಟಾರಿ ಕಂಪನಿಯ ಪಾಂಗ್ ಗೇಮ್ ಕೂಡ ಅದೇ ವರ್ಷದ್ದು. ಆಮೇಲೆ 1978ಕ್ಕೆ ಸ್ಪೇಸ್ ಇನ್‌ವೇಡರ್ಸ್, 1980ಕ್ಕೆ ಪ್ಯಾಕ್‌ಮ್ಯಾನ್, 1983ಕ್ಕೆ ಜಪಾನಿನ ನಿಂಟೆಂಡೊ ಕಂಪನಿಯ ಟೀವಿ ಗೇಮ್ ಫ್ಯಾಮಿಕಾಮ್. ಎಲ್ಲವನ್ನೂ ತೋರಿಸುತ್ತೇನೆ ಅಂತ ಹೊರಟರೆ ಒಂದು ಲಾರಿ ಸಾಲದು. ನೋಡುವವರಿಗೂ ಪಟ್ಟಿ ಓದಿದ ಹಾಗಾಗುತ್ತದೆ, ಅಷ್ಟೇ.

ಒಂದು ಕರಪತ್ರದಲ್ಲಿ ಹಿಡಿಸುವಷ್ಟು ಚಿಕ್ಕ ಪ್ರಶ್ನೆ ಆರಿಸಿಕೊಳ್ಳಿ. ಈ ಲೇಖನಕ್ಕೆ ನಾನು ಇದನ್ನು ಇಟ್ಟುಕೊಳ್ಳುತ್ತೇನೆ: "ಟೀವಿ ಗೇಮ್ ನಮ್ಮೂರಿಗೆ ಹೇಗೆ ಬಂತು?" ಇದರಲ್ಲಿ ಮಜಾ ಇದೆ. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಬಹಳ ಮನೆಗಳಿಗೆ ಬಂದದ್ದು ನಿಂಟೆಂಡೊ ಅಲ್ಲ, ಫ್ಯಾಮಿಕಾಮ್‌ನ ನಕಲುಗಳು. ಲಿಟಲ್ ಮಾಸ್ಟರ್ ಥರದ ಹೆಸರುಗಳು, ಮೇಲೆ 9999 ಗೇಮ್ ಅಂತ ಬರೆದು ಒಳಗೆ ಬೆರಳೆಣಿಕೆ ಗೇಮ್ ಇರುವ ಕ್ಯಾಸೆಟ್‌ಗಳು. ದುಡ್ಡು ಕೊಟ್ಟು ಆಡುವ ಗೇಮ್ ಪಾರ್ಲರ್‌ಗಳಲ್ಲಿ ಕ್ಯಾಪ್‌ಕಾಮ್ ಕಂಪನಿಯವರ 1993ರ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್. ಆ ಹೆಸರು ಹೇಳಿದರೆ ಯಾರೂ ತಲೆ ಎತ್ತುವುದಿಲ್ಲ, "ಮುಸ್ತಫಾ ಗೇಮ್" ಅನ್ನಿ, ನಲವತ್ತು ದಾಟಿದವರೆಲ್ಲ ತಿರುಗಿ ನೋಡುತ್ತಾರೆ. ನಾಲ್ಕು ಪಾತ್ರಗಳಲ್ಲಿ ಒಬ್ಬನ ಹೆಸರೇ ನಮ್ಮಲ್ಲಿ ಗೇಮಿನ ಹೆಸರಾಗಿ ಉಳಿಯಿತು. ಹೊರದೇಶದವರ ಪ್ರದರ್ಶನದಲ್ಲಿ ಈ ಕಥೆ ಸಿಗುವುದಿಲ್ಲ, ನೀವೇ ಹೇಳಬೇಕು.

ಕೊನೆ ಎಲ್ಲಿ ಅಂತಲೂ ಈಗಲೇ ಗೆರೆ ಎಳೆಯಿರಿ. ನನ್ನ ಗೆರೆ 1997. ಆ ವರ್ಷ ನೋಕಿಯಾ 6110 ಫೋನಿನಲ್ಲಿ ಹಾವಿನ ಆಟ ಬಂತು, ಗೇಮ್ ಜೇಬಿಗೆ ಇಳಿಯಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರ ಗೇಮ್ ಕಂಪನಿ ಧ್ರುವ ಇಂಟರಾಕ್ಟಿವ್ ಶುರುವಾಯಿತು, ಗೇಮ್ ಆಡುವ ಊರು ಗೇಮ್ ಮಾಡುವ ಊರೂ ಆಯಿತು. ಕಥೆ ನಿಲ್ಲಿಸಲು ಒಳ್ಳೇ ಜಾಗ.

ಹಂತ 2: ಆಡಲು ಎಷ್ಟು, ನೋಡಲು ಎಷ್ಟು

ಹೊರಗಿನವರ ಎರಡು ಪ್ರದರ್ಶನಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2002ರಲ್ಲಿ ಲಂಡನ್ನಿನ ಬಾರ್ಬಿಕನ್ ಕಲಾಕೇಂದ್ರದಲ್ಲಿ ತೆರೆದ "ಗೇಮ್ ಆನ್" ನೂರಕ್ಕೂ ಹೆಚ್ಚು ಗೇಮ್‌ಗಳನ್ನು ಆಡಲು ಬಿಟ್ಟು, ವರ್ಷಗಟ್ಟಲೆ ದೇಶ ದೇಶ ಸುತ್ತಿತು. 2012ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂ ತೆರೆದ "ದಿ ಆರ್ಟ್ ಆಫ್ ವಿಡಿಯೋ ಗೇಮ್ಸ್" 80 ಗೇಮ್‌ಗಳ ಕಥೆ ಹೇಳಿತು, ಆಡಲು ಬಿಟ್ಟದ್ದು ಐದನ್ನು ಮಾತ್ರ. ಆಮೇಲೆ ಅದೂ ಹತ್ತು ಊರು ಸುತ್ತಿತು. ಮೊದಲನೆಯದಕ್ಕೆ ಹಿಂದೆ ದೊಡ್ಡ ಸಂಸ್ಥೆ, ರಿಪೇರಿಯವರ ತಂಡ ಬೇಕು. ನಿಮ್ಮ ಹತ್ತಿರ ಇರುವುದು ಒಂದು ಟಾಟಾ ಏಸ್ ಮತ್ತು ರಜೆ ಹಾಕಿ ಬರುವ ಮೂವರು ಗೆಳೆಯರು, ಅಲ್ವಾ? ಎರಡನೆಯವರ ದಾರಿ ಹಿಡಿಯಿರಿ.

ನನ್ನ ಲೆಕ್ಕ ಇಷ್ಟು: ಆಡಲು ಎಂಟು ಮೇಜು, ಗಾಜಿನೊಳಗೆ ಇಪ್ಪತ್ತು ವಸ್ತು. ಎಂಟಕ್ಕಿಂತ ಜಾಸ್ತಿ ಬೇಡ. ಪ್ರತಿ ವಸ್ತುವಿಗೂ ಮೂರು ಪ್ರಶ್ನೆ ಹಾಕಿ. ಇದು ನಿಮ್ಮ ಕಥೆಗೆ ಬೇಕಾ? ಕೆಟ್ಟರೆ ಇನ್ನೊಂದು ಸಿಗುತ್ತಾ? ಮಕ್ಕಳ ಕೈಗೆ ತಡೆಯುತ್ತಾ? ಮೂರಕ್ಕೂ ಹೌದು ಅಂದರೆ ಮೇಜಿಗೆ. ಮೊದಲನೆಯದಕ್ಕೆ ಮಾತ್ರ ಹೌದು ಅಂದರೆ ಗಾಜಿಗೆ. ಮೊದಲನೆಯದಕ್ಕೇ ಇಲ್ಲ ಅಂದರೆ, ಅದು ಎಷ್ಟೇ ಅಪರೂಪದ್ದಾಗಿರಲಿ, ಅಟ್ಟಕ್ಕೆ.

ಉದಾಹರಣೆಗೆ ಅಸಲಿ ಫ್ಯಾಮಿಕಾಮ್. ಕೆಂಪು ಬಿಳಿ ಬಣ್ಣ, ಚೆಂದದ ವಸ್ತು. ಆದರೆ ಅದರ ಎರಡೂ ರಿಮೋಟ್‌ಗಳ ವೈರ್ ಯಂತ್ರದ ಒಳಗೇ ಸೇರಿರುತ್ತದೆ. ಒಂದು ಹುಡುಗ ಜೋರಾಗಿ ಎಳೆದರೆ ಯಂತ್ರ ಬಿಚ್ಚಿಯೇ ಸರಿಮಾಡಬೇಕು. ನಮ್ಮ ನಕಲು ಟೀವಿ ಗೇಮ್‌ಗಳಲ್ಲಿ ಬಹುಪಾಲಿಗೆ ರಿಮೋಟನ್ನು ಮುಂದಿನಿಂದ ಚುಚ್ಚುವ ಪಿನ್ ಇದೆ. ಸತ್ತರೆ ಕಿತ್ತು ಇನ್ನೊಂದು ಚುಚ್ಚಿದರಾಯಿತು. ಅಸಲಿ ಗಾಜಿನೊಳಗೆ, ನಕಲು ಮೇಜಿನ ಮೇಲೆ. ಆದರೆ ಅದರಲ್ಲಿ ಯಾವ ಗೇಮ್ ಆಡಿಸಬಹುದು ಅನ್ನುವುದು ಮುಂದಿನ ಹಂತದ ತಲೆನೋವು.

ಎಲ್ಲ ವಸ್ತುವೂ ಪ್ಲಗ್ ಹಾಕುವಂಥದ್ದೇ ಆಗಬೇಕಿಲ್ಲ. ಒಡಿಸ್ಸಿ ಜೊತೆ ಟೀವಿ ಗಾಜಿಗೆ ಅಂಟಿಸುವ ಬಣ್ಣದ ಪ್ಲಾಸ್ಟಿಕ್ ಹಾಳೆಗಳು ಬರುತ್ತಿದ್ದವು. ಯಂತ್ರ ತೋರಿಸುತ್ತಿದ್ದದ್ದು ಬರೀ ಬಿಳಿ ಚುಕ್ಕೆಗಳನ್ನು, ಟೆನಿಸ್ ಅಂಕಣ ಆ ಹಾಳೆಯಲ್ಲಿತ್ತು. ಒಂದು ಪಾರದರ್ಶಕ ಹಾಳೆ ಮೇಲೆ ಅಂಕಣ ಮುದ್ರಿಸಿ ಹಳೇ ಟೀವಿಗೆ ಅಂಟಿಸಿ ತೋರಿಸಿ. ಇನ್ನೂರು ರೂಪಾಯಿ ಒಳಗಿನ ಕೆಲಸ. ಮೂರನೇ ಊರಲ್ಲಿ ಹರಿದರೆ ಅಲ್ಲೇ ಇನ್ನೊಂದು ಮುದ್ರಿಸಬಹುದು.

ಹಂತ 3: ಹಕ್ಕಿನ ವಿಷಯ

"ಮೂವತ್ತು ವರ್ಷ ಹಳೇದು, ಯಾರು ಕೇಳ್ತಾರೆ" ಅನ್ನುವ ಮಾತು ಬೇಡ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಲೆಕ್ಕ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಹಾಗಾಗಿ:

• ನೆಟ್‌ನಿಂದ ಇಳಿಸಿಕೊಂಡ ಗೇಮ್ ಫೈಲ್‌ಗಳನ್ನು ಎಮ್ಯುಲೇಟರ್‌ನಲ್ಲಿ ಹಾಕಿ ಸಾರ್ವಜನಿಕರಿಗೆ ಆಡಿಸಬೇಡಿ. ಎಮ್ಯುಲೇಟರ್ ಅಂದರೆ ಹಳೇ ಯಂತ್ರದ ಹಾಗೆ ನಡೆದುಕೊಳ್ಳುವ ಸಾಫ್ಟ್‌ವೇರ್. ತಕರಾರು ಬರುವುದು ಅದರೊಳಗೆ ಹಾಕುವ ಗೇಮ್ ಫೈಲಿಗೆ.
• ಅಸಲಿ ಕ್ಯಾಸೆಟ್ ಇದ್ದರೂ ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರಿಗೆ ಇಮೇಲ್ ಬರೆದು ಲಿಖಿತ ಒಪ್ಪಿಗೆ ಕೇಳಿ. ಉತ್ತರ ಬರಲು ತಿಂಗಳುಗಳು ಹಿಡಿಯಬಹುದು, ಆದ್ದರಿಂದ ಈ ಕೆಲಸ ಎಲ್ಲಕ್ಕಿಂತ ಮೊದಲು.
• 9999 ಕ್ಯಾಸೆಟ್‌ಗಳು ಕಳ್ಳ ನಕಲುಗಳೇ. ಇತಿಹಾಸದ ವಸ್ತುವಾಗಿ ಗಾಜಿನೊಳಗೆ ಇಡಿ. ಟಿಕೆಟ್ ಇಟ್ಟು ಅವನ್ನೇ ಆಡಿಸುವುದು ಬೇರೆ ವಿಷಯ.
• ಪೋಸ್ಟರ್ ಮೇಲೆ ಮಾರಿಯೋ ಮುಖ ಹಾಕಬೇಡಿ. ಅದು ಟ್ರೇಡ್‌ಮಾರ್ಕ್, ಅಂದರೆ ಒಂದು ಕಂಪನಿಯ ವ್ಯಾಪಾರದ ಗುರುತು. ನಿಮ್ಮದೇ ರಿಮೋಟಿನ ಫೋಟೋ ಸಾಕು.

ಒಪ್ಪಿಗೆ ಬರದ ಗೇಮ್‌ಗಳ ಜಾಗಕ್ಕೆ ಏನು? ಹಳೇ ಯಂತ್ರಗಳಿಗೆ ಇವತ್ತಿಗೂ ಹೊಸ ಗೇಮ್ ಬರೆಯುವವರಿದ್ದಾರೆ. ಹೋಮ್‌ಬ್ರೂ ಅನ್ನುತ್ತಾರೆ, ಮನೆಯಲ್ಲೇ ಮಾಡಿದ್ದು ಅಂತ ಅರ್ಥ. ಕೇಳಿದರೆ ಹಲವರು ಖುಷಿಯಿಂದ ಒಪ್ಪುತ್ತಾರೆ. ಆಡುವ ಅನುಭವ ಅದೇ, ರಿಮೋಟ್ ಅದೇ, ತಕರಾರಿಲ್ಲ. ಹಕ್ಕುಸ್ವಾಮ್ಯ ತಿಳಿದ ವಕೀಲರಿಗೆ ನಿಮ್ಮ ಪಟ್ಟಿಯನ್ನು ಒಮ್ಮೆ ತೋರಿಸಿ. ನಾನು ವಕೀಲನಲ್ಲ.

ಹಂತ 4: ವಸ್ತು ಹೊಂದಿಸುವುದು

ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್ ಇದೆ, ಭಾನುವಾರದ ಸಂತೆ ಇದೆ. ಬೇರೆ ಊರಿನವರು ಹಳೇ ಟೀವಿ ರಿಪೇರಿ ಅಂಗಡಿಗೆ ಹೋಗಿ. ಅವರ ಅಟ್ಟ ನಿಮ್ಮ ಅಟ್ಟಕ್ಕಿಂತ ಶ್ರೀಮಂತ. ವಸ್ತು ಸಿಗದಿದ್ದರೂ ಆ ಮನುಷ್ಯ ಸಿಗುತ್ತಾರೆ. ಡಬ್ಬಾ ಟೀವಿ ರಿಪೇರಿ ಬಲ್ಲವರ ಪರಿಚಯ ಈ ಕೆಲಸದಲ್ಲಿ ಅಪರೂಪದ ಕ್ಯಾಸೆಟ್ಟಿಗಿಂತ ದೊಡ್ಡದು.

ಬೇರೆಯವರಿಂದ ತಂದ ವಸ್ತುವಿಗೆ ಎರಡು ಕಾಗದ ಬೇಕು. ಒಂದು, ಎರವಲು ಪತ್ರ: ಯಾರದ್ದು, ಎಷ್ಟು ದಿನಕ್ಕೆ, ಆಡಲು ಬಿಡಬಹುದಾ ಬರೀ ನೋಡಲಿಕ್ಕಾ, ಕೆಟ್ಟರೆ ಏನು ಮಾಡುವುದು. ಇನ್ನೊಂದು, ಸ್ಥಿತಿ ಚೀಟಿ. ಮ್ಯೂಸಿಯಂನವರು ಕಂಡೀಷನ್ ರಿಪೋರ್ಟ್ ಅನ್ನುವುದು ಇದಕ್ಕೇ. ತಂದ ದಿನ ವಸ್ತುವಿನ ಆರೂ ಬದಿಯ ಫೋಟೋ ತೆಗೆದು, ಗೀರು, ಬಿರುಕು, ಹಳದಿಯಾದ ಜಾಗ ಎಲ್ಲ ಬರೆದು, ಇಬ್ಬರೂ ಸಹಿ ಹಾಕುವುದು. ಸ್ನೇಹಿತರ ಹತ್ತಿರ ಸಹಿ ಕೇಳಲು ಮುಜುಗರ ಆಗುತ್ತದೆ, ನಿಜ. "ಈ ಗೀರು ಮೊದಲು ಇರಲಿಲ್ಲ" ಅಂತ ಅದೇ ಸ್ನೇಹಿತ ಹೇಳಿದಾಗ ಆಗುವ ಮುಜುಗರ ಇನ್ನೂ ಜಾಸ್ತಿ.

ವಿಮೆ ಮಾಡಿಸುವಾಗ ಪ್ರಯಾಣದಲ್ಲಿ, ಇಳಿಸುವಾಗ, ಸಭಾಂಗಣದಲ್ಲಿ ಇರುವಾಗ ಎಲ್ಲ ಹೊತ್ತಿಗೂ ಅನ್ವಯಿಸುತ್ತಾ ಅಂತ ಬಿಡಿಬಿಡಿಯಾಗಿ ಕೇಳಿ.

ಸ್ವಚ್ಛ ಮಾಡುವಾಗ: ಕ್ಯಾಸೆಟ್ ಒಳಗೆ ಉಫ್ ಅಂತ ಊದಬೇಡಿ. ನಾವೆಲ್ಲ ಊದಿದವರೇ, ಆದರೆ ಉಸಿರಿನ ತೇವಕ್ಕೆ ಆ ಲೋಹದ ಪಟ್ಟಿಗಳು ಕಿಲುಬು ಹಿಡಿಯುತ್ತವೆ. ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಒಣಗಲು ಬಿಡಿ. ಕೈಯಲ್ಲಿ ಹಿಡಿದು ಆಡುವ ಬ್ರಿಕ್ ಗೇಮ್, ಗೇಮ್ ಬಾಯ್‌ಗಳ ಸೆಲ್‌ಗಳನ್ನು ಪ್ರತಿ ಊರು ಮುಗಿದಾಗಲೂ ತೆಗೆದುಬಿಡಿ. ಒಳಗೇ ಸೋರಿದರೆ ಸ್ಪ್ರಿಂಗ್ ತಿಂದು ಹಾಕುತ್ತವೆ.

ಹಂತ 5: ಕರೆಂಟ್, ಅಡಾಪ್ಟರ್, ಟೀವಿ

ಎಲ್ಲ ಹಂತಗಳಿಗಿಂತ ಇದನ್ನು ನಿಧಾನವಾಗಿ ಓದಿ. ಪ್ರದರ್ಶನಗಳು ಕೆಡುವುದು ಇಲ್ಲೇ.

ಜಪಾನಿನ ಮನೆಗಳಲ್ಲಿ ಕರೆಂಟ್ 100 ವೋಲ್ಟ್, ಅಮೆರಿಕದಲ್ಲಿ 120, ನಮ್ಮಲ್ಲಿ 230. ಹೊರಗಿನಿಂದ ತಂದ ಯಂತ್ರಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅಂದರೆ ವೋಲ್ಟೇಜ್ ಇಳಿಸುವ ಡಬ್ಬಿ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಮುಂದಿನದು. ಫ್ಯಾಮಿಕಾಮ್‌ಗೆ ಬೇಕಾದದ್ದು 10 ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್, ಪಿನ್ನಿನ ನಡುಭಾಗ ನೆಗೆಟಿವ್. ಅದೇ ಕಂಪನಿ ಅಮೆರಿಕಕ್ಕೆ ಮಾಡಿದ ಎನ್‌ಇಎಸ್‌ನ ಅಡಾಪ್ಟರ್ ಕೊಡುವುದು 9 ವೋಲ್ಟ್ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್. ನೋಡಲು ಎರಡೂ ಒಂದೇ ಥರ ಕಪ್ಪು ಗಂಟು. ಎನ್‌ಇಎಸ್‌ನದ್ದನ್ನು ಫ್ಯಾಮಿಕಾಮ್‌ಗೆ ಚುಚ್ಚಿದರೆ ಯಂತ್ರ ಸುಟ್ಟುಹೋಗುತ್ತದೆ. ನಾನು ಒಂದು ಯಂತ್ರವನ್ನು ಹೀಗೇ ಕೊಂದಿದ್ದೇನೆ. ಸದ್ದು ಕೂಡ ಆಗಲಿಲ್ಲ, ಸ್ವಲ್ಪ ವಾಸನೆ ಬಂತು, ಅಷ್ಟೇ.

ಪರಿಹಾರ ಸುಲಭ. ಎಂಟು ಬಣ್ಣದ ಇನ್ಸುಲೇಷನ್ ಟೇಪ್ ತನ್ನಿ. ಒಂದು ಮೇಜಿಗೆ ಒಂದು ಬಣ್ಣ. ಯಂತ್ರ, ಅಡಾಪ್ಟರ್, ಟೀವಿಗೆ ಚಿತ್ರ ಮತ್ತು ಸದ್ದು ಒಯ್ಯುವ ಎವಿ ವೈರ್, ರಿಮೋಟ್, ಟೀವಿ ಎಲ್ಲಕ್ಕೂ ಅದೇ ಬಣ್ಣದ ಚೂರು. ಮೂರನೇ ಊರಲ್ಲಿ ರಾತ್ರಿ ಹತ್ತಕ್ಕೆ ಜೋಡಿಸುವಾಗ ವೋಲ್ಟೇಜ್ ಓದುವ ಕಣ್ಣು ಇರುವುದಿಲ್ಲ. ಬಣ್ಣ ಮಾತ್ರ ಕಾಣುತ್ತದೆ. ಎರವಲು ತಂದ ವಸ್ತುವಿನ ಮೈಗೆ ಟೇಪ್ ಅಂಟಿಸಬೇಡಿ, ವೈರಿಗೆ ಸುತ್ತಿ.

ಟೀವಿ ಯಾವುದು? ಎಂಟರಲ್ಲಿ ನಾಲ್ಕಾದರೂ ಡಬ್ಬಾ ಟೀವಿ ಇರಲಿ. ಇದು ಬರೀ ಹಳೇ ಕಾಲದ ಮೋಹ ಅಲ್ಲ. ಬಾತುಕೋಳಿ ಹೊಡೆಯುವ ಗನ್ ಗೇಮ್ ನೆನಪಿದೆಯಾ, ಡಕ್ ಹಂಟ್? ಗನ್ನಿನಿಂದ ಏನೂ ಹೊರಡುವುದಿಲ್ಲ, ಅದರ ಬಾಯಲ್ಲಿ ಬೆಳಕು ಗುರುತಿಸುವ ಕಣ್ಣಿದೆ. ಟ್ರಿಗರ್ ಒತ್ತಿದ ಕ್ಷಣ ಪರದೆ ಪೂರ್ತಿ ಕಪ್ಪಾಗಿ, ಬಾತುಕೋಳಿ ಇದ್ದ ಜಾಗ ಮಾತ್ರ ಬೆಳ್ಳಗಾಗುತ್ತದೆ. ಆ ಬಿಳುಪು ಕಣ್ಣಿಗೆ ಬಿದ್ದರೆ ಗುರಿ ತಾಗಿದ ಹಾಗೆ. ಈ ಲೆಕ್ಕವೆಲ್ಲ ಪಿಕ್ಚರ್ ಟ್ಯೂಬಿನ ಸಮಯಕ್ಕೆ ಹೊಂದಿಸಿದ್ದು. ಈಗಿನ ಎಲ್‌ಇಡಿ ಟೀವಿ ಚಿತ್ರ ತೋರಿಸುವುದರಲ್ಲಿ ಒಂದಿಷ್ಟು ತಡ ಮಾಡುತ್ತದೆ. ಅಷ್ಟಕ್ಕೇ ಬಾತುಕೋಳಿ ಸಾಯುವುದೇ ಇಲ್ಲ. "ಗನ್ ಕೆಟ್ಟಿದೆ" ಅಂತ ಜನ ಹೋಗಿಬಿಡುತ್ತಾರೆ.

ಡಬ್ಬಾ ಟೀವಿ ಜೊತೆ ಬದುಕುವ ನಿಯಮಗಳು:

• ಹಿಂದಿನ ಮುಚ್ಚಳ ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ರಿಪೇರಿಯವರನ್ನೇ ಕರೆಯಿರಿ.
• ಸ್ಪೀಕರ್ ಪಕ್ಕ ಇಡಬೇಡಿ. ಅಯಸ್ಕಾಂತಕ್ಕೆ ಮೂಲೆಯ ಬಣ್ಣ ಕೆಡುತ್ತದೆ. ಎರಡು ಟೀವಿಗಳನ್ನು ಅಂಟಿಸಿ ಇಟ್ಟರೂ ಚಿತ್ರ ನಡುಗುತ್ತದೆ.
• ಎಲ್ಲ ಟೀವಿಗಳನ್ನು ಒಟ್ಟಿಗೆ ಆನ್ ಮಾಡಬೇಡಿ. ಶುರುವಿನ ಕ್ಷಣದಲ್ಲಿ ಪ್ರತಿಯೊಂದೂ ಜಾಸ್ತಿ ಕರೆಂಟ್ ಎಳೆಯುತ್ತದೆ. ಎಂಟೂ ಸೇರಿದರೆ ಸಭಾಂಗಣದ ಟ್ರಿಪ್ ಬೀಳುತ್ತದೆ. ಒಂದೊಂದಾಗಿ, ನಡುವೆ ಹತ್ತು ಎಣಿಸಿ.

ನಡೆಯುವಾಗಿನ ಲೋಡ್ ಅಂಥ ದೊಡ್ಡದಲ್ಲ. ಒಂದು ಟೀವಿ, ಒಂದು ಯಂತ್ರ ಸೇರಿ ನೂರು ವಾಟ್ ಅಂದುಕೊಳ್ಳಿ, ಎಂಟು ಮೇಜಿಗೆ 800 ವಾಟ್. ಒಂದು ಒಳ್ಳೇ 16 ಆಂಪಿಯರ್ ಪಾಯಿಂಟ್ ಸಾಕು. ಆದರೆ ಅರ್ತಿಂಗ್ ಇದೆಯಾ ಅಂತ ಸ್ಥಳೀಯ ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸದೆ ಒಂದು ಪ್ಲಗ್ಗೂ ಹಾಕಬೇಡಿ. ನಿಮ್ಮದೇ ಒಂದು ಬೋರ್ಡ್ ಮಾಡಿಸಿ, ಅದಕ್ಕೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ಸೋರಿ ಯಾರಿಗಾದರೂ ಶಾಕ್ ಹೊಡೆದರೆ ತಕ್ಷಣ ಸಂಪರ್ಕ ಕಡಿಯುವ ಸ್ವಿಚ್ ಅದು. ಆ ಬೋರ್ಡ್ ನಿಮ್ಮ ಜೊತೆ ಊರೂರು ಬರಲಿ.

ಹಂತ 6: ಆಡುವ ಮೇಜು

ಯಂತ್ರ ಜನರ ಕೈಗೆ ಸಿಗಬಾರದು, ರಿಮೋಟ್ ಮಾತ್ರ ಸಿಗಬೇಕು. ಯಂತ್ರವನ್ನು ಗಾಳಿ ಆಡುವ ಅಕ್ರಿಲಿಕ್ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ಕ್ಯಾಸೆಟ್ ಕಾಣಬೇಕು, ಎಳೆಯಲು ಬರಬಾರದು. ರಿಮೋಟಿನ ವೈರ್ ಪೆಟ್ಟಿಗೆಯಿಂದ ಹೊರಬರುವ ಜಾಗದಲ್ಲಿ ಮೇಜಿಗೆ ಒಂದು ಕ್ಲಿಪ್ ಹಾಕಿ ಬಿಗಿದುಬಿಡಿ. ಎಳೆದ ಜೋರೆಲ್ಲ ಕ್ಲಿಪ್ಪಿಗೆ ಹೋಗಲಿ, ಪಿನ್ನಿಗೆ ಬೇಡ. ಇದೊಂದು ಕ್ಲಿಪ್ ನಿಮ್ಮ ಅರ್ಧ ರಿಪೇರಿ ಉಳಿಸುತ್ತದೆ.

ಉಳಿದ ಅರ್ಧ ರಿಮೋಟಿನ ಒಳಗಿನ ರಬ್ಬರ್. ಬಟನ್ ಕೆಳಗಿನ ಆ ಕಪ್ಪು ಚುಕ್ಕೆ ಸವೆದರೆ ಬಟನ್ ಸತ್ತ ಹಾಗೆ. ಒಂದು ಮೇಜಿಗೆ ನಾಲ್ಕು ರಿಮೋಟ್ ಲೆಕ್ಕ ಹಾಕಿ: ಎರಡು ಕೈಯಲ್ಲಿ, ಎರಡು ಡಬ್ಬಿಯಲ್ಲಿ. ದುಡ್ಡು ಕಡಿಮೆ ಬಿದ್ದರೆ ಮೇಜು ಕಡಿಮೆ ಮಾಡಿ, ರಿಮೋಟ್ ಅಲ್ಲ.

ಎಂಟರಲ್ಲಿ ಎರಡು ಮೇಜು ತಗ್ಗಾಗಿರಲಿ, ಗಾಲಿಕುರ್ಚಿಯವರಿಗೂ ಪುಟ್ಟ ಮಕ್ಕಳಿಗೂ ಆಗುತ್ತದೆ. ಬಾಗಿಲಲ್ಲೇ ಒಂದು ಸೂಚನೆ ಹಾಕಿ: ಕೆಲವು ಗೇಮ್‌ಗಳಲ್ಲಿ ಬೆಳಕು ಪಟಪಟ ಮಿನುಗುತ್ತದೆ, ಮೂರ್ಛೆ ರೋಗ ಇರುವವರು ದಯವಿಟ್ಟು ಆಡಬೇಡಿ. ಗನ್ ಗೇಮ್ ಮೇಜಿನ ಮೇಲೆ ಇನ್ನೊಮ್ಮೆ ಹಾಕಿ.

ಹಂತ 7: ಫಲಕ ಬರೆಯುವುದು

ಸ್ಪೇಸ್ ಇನ್‌ವೇಡರ್ಸ್ ಗೇಮಿಗೆ ಬರೆದ ಎರಡು ಫಲಕ ಓದಿ. ಮೊದಲನೆಯದು: "1978ರಲ್ಲಿ ಟೈಟೊ ಸಂಸ್ಥೆಯ ಟೊಮೊಹಿರೊ ನಿಶಿಕಾಡೊ ಅವರಿಂದ ವಿನ್ಯಾಸಗೊಳಿಸಲ್ಪಟ್ಟ ಈ ಆಟವು ಜಾಗತಿಕ ಮಟ್ಟದಲ್ಲಿ ಅಪಾರ ಜನಪ್ರಿಯತೆಯನ್ನು ಗಳಿಸಿತು."

ಎರಡನೆಯದು: "ಹೊಡೆದಷ್ಟೂ ಉಳಿದವರು ಜೋರಾಗಿ ಓಡುತ್ತಾರೆ, ಗಮನಿಸಿದ್ರಾ? ಪರದೆ ತುಂಬ ಶತ್ರುಗಳಿದ್ದಾಗ ಎಲ್ಲರನ್ನೂ ಬಿಡಿಸಲು ಯಂತ್ರಕ್ಕೆ ಹೊತ್ತು ಹಿಡಿಯುತ್ತಿತ್ತು. ಕಡಿಮೆಯಾದ ಹಾಗೆ ಅದರ ಕೆಲಸ ಹಗುರವಾಯಿತು, ಓಟ ಜೋರಾಯಿತು. ಟೊಮೊಹಿರೊ ನಿಶಿಕಾಡೊ ಅದನ್ನು ಸರಿಮಾಡದೆ ಹಾಗೇ ಬಿಟ್ಟರು. ಸ್ಪೇಸ್ ಇನ್‌ವೇಡರ್ಸ್, ಜಪಾನ್, 1978."

ಎರಡನೆಯದನ್ನು ಓದಿದವರು ಮತ್ತೆ ರಿಮೋಟ್ ಕೈಗೆ ತಗೊಂಡು ನೋಡುತ್ತಾರೆ. ಫಲಕ ಇರಬೇಕಾದದ್ದು ಅದಕ್ಕೇ. ಮೂವತ್ತು ನಲವತ್ತು ಪದಕ್ಕೆ ನಿಲ್ಲಿಸಿ. ಪಕ್ಕದ ಮನೆಯ ಹೈಸ್ಕೂಲ್ ಹುಡುಗಿಯ ಹತ್ತಿರ ಓದಿಸಿ, ಎಲ್ಲಿ ತಡವರಿಸುತ್ತಾಳೋ ಅಲ್ಲಿ ಬದಲಿಸಿ.

ಈಗ ಮುದ್ರಣದ ಗುಂಡಿ. ಬಹಳ ಜನ ಬೀಳುವುದು ಇದರಲ್ಲೇ. ನೀವು ಫೋನಿನಲ್ಲಿ ಯೂನಿಕೋಡ್ ಕನ್ನಡ ಟೈಪ್ ಮಾಡಿ ವಾಟ್ಸಾಪಿನಲ್ಲಿ ಕಳಿಸುತ್ತೀರಿ. ಪ್ರಿಂಟಿಂಗ್ ಅಂಗಡಿಯ ಹಳೇ ಸಾಫ್ಟ್‌ವೇರ್‌ಗೆ ಅದು ಹಿಡಿಸುವುದಿಲ್ಲ. ಅವರು ಅದನ್ನು "ನುಡಿ" ಅನ್ನುವ ಕನ್ನಡ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸುತ್ತಾರೆ. ದಾರಿಯಲ್ಲಿ ಎಲ್ಲೋ ಅರ್ಕಾವತ್ತು ಕಳೆದುಹೋಗಿ, ಒತ್ತಕ್ಷರ ಪಕ್ಕಕ್ಕೆ ಜಾರಿ, "ಸ್ಪೇಸ್" ಹೋಗಿ "ಸಪೇಸ್" ಆಗಿ ಆರಡಿ ಎತ್ತರದಲ್ಲಿ ನಿಲ್ಲುತ್ತದೆ. ಆದ್ದರಿಂದ ಅಕ್ಷರ ಕಳಿಸಬೇಡಿ. ವಿನ್ಯಾಸ ಮುಗಿಸಿ, ಅಕ್ಷರಗಳನ್ನು ಚಿತ್ರರೇಖೆಯಾಗಿ ಬದಲಿಸಿ, ಪಿಡಿಎಫ್ ಮಾಡಿ ಕಳಿಸಿ. ದೊಡ್ಡದು ಮುದ್ರಿಸುವ ಮೊದಲು ಎ4 ಹಾಳೆಯಲ್ಲಿ ಒಂದು ತೆಗೆಸಿ ಓದಿ. ಒತ್ತಕ್ಷರ ಮೇಲಿನ ಸಾಲಿಗೆ ತಾಗದ ಹಾಗೆ ಸಾಲುಗಳ ನಡುವೆ ಧಾರಾಳ ಜಾಗ ಬಿಡಿ.

ಫ್ಲೆಕ್ಸ್ ಬದಲು ಬಟ್ಟೆ ಮೇಲೆ ಮುದ್ರಿಸಿ. ಸುತ್ತಿದರೆ ಮಡಿಕೆ ಬೀಳುವುದಿಲ್ಲ, ಲೈಟ್ ಬಿದ್ದರೆ ಹೊಳೆಯುವುದಿಲ್ಲ, ಇಸ್ತ್ರಿ ಹಾಕಬಹುದು.

ಹಂತ 8: ಊರು, ಜಾಗ, ದಿನ

ಸಭಾಂಗಣ ನೆಲಮಹಡಿಯಲ್ಲೇ ಇರಬೇಕು. ಒಂದು 21 ಇಂಚಿನ ಡಬ್ಬಾ ಟೀವಿ ಇಪ್ಪತ್ತು ಕಿಲೋ ದಾಟುತ್ತದೆ. ಮೊದಲ ಮಹಡಿಯ ಪುರಭವನ ಪುಕ್ಕಟೆ ಸಿಕ್ಕರೂ ಬೇಡ ಅನ್ನಿ. ಕಿಟಕಿಗೆ ಪರದೆ, ರಾತ್ರಿ ಬೀಗ, ಕಾವಲು, ಶೌಚಾಲಯ ನೋಡಿಕೊಳ್ಳಿ. ಜಾಗದವರ ಒಪ್ಪಿಗೆ ಪತ್ರ ಹಿಡಿದುಕೊಂಡು ಪುರಸಭೆಗೂ ಪೊಲೀಸ್ ಠಾಣೆಗೂ ಹೋಗಿ, ಏನೇನು ಅನುಮತಿ ಬೇಕು ಅಂತ ಒಂದು ತಿಂಗಳು ಮೊದಲೇ ಕೇಳಿ.

ಶಾಲೆ, ಕಾಲೇಜು, ಗ್ರಂಥಾಲಯ ಒಳ್ಳೇ ಜಾಗಗಳು. ಧಾರವಾಡ, ಕಲಬುರಗಿ, ಮಂಗಳೂರಿನ ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರಗಳಿವೆ, ವಿಚಾರಿಸಿ ನೋಡಿ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನ ಸಂಚಾರಿ ವಿಜ್ಞಾನ ಬಸ್ಸು ನಿಮ್ಮ ಕಡೆ ಬಂದರೆ ತಪ್ಪದೆ ಹೋಗಿ. ಮಕ್ಕಳು ನೋಡುವುದನ್ನು ನೋಡಬೇಡಿ. ಬಟನ್‌ಗಳನ್ನು ಹೇಗೆ ಕೂರಿಸಿದ್ದಾರೆ, ವೈರ್ ಎಲ್ಲಿ ಅಡಗಿಸಿದ್ದಾರೆ ನೋಡಿ.

ದಿನಗಳು: ನವೆಂಬರ್‌ನಿಂದ ಫೆಬ್ರವರಿ. ಮಾರ್ಚ್ ಪರೀಕ್ಷೆ. ಏಪ್ರಿಲ್, ಮೇನಲ್ಲಿ ಬಯಲುಸೀಮೆಯ ಸೆಕೆಗೆ ಯಂತ್ರಗಳೂ ಬೇಯುತ್ತವೆ, ಜನರೂ ಬೇಯುತ್ತಾರೆ. ಮಳೆಗಾಲದಲ್ಲಿ ಮಲೆನಾಡಿಗೆ, ಕರಾವಳಿಗೆ ಸುಮ್ನೆ ಹೋಗಬೇಡಿ. ಹೋಗಲೇಬೇಕಾದರೆ ಪೆಟ್ಟಿಗೆ ಬಿಚ್ಚಿದ ಮೇಲೆ ಅರ್ಧ ದಿನ ಹಾಗೇ ಬಿಟ್ಟು, ತೇವ ಆರಿದ ನಂತರ ಪ್ಲಗ್ ಹಾಕಿ. ಎರಡು ಊರುಗಳ ನಡುವೆ ಕಡೇಪಕ್ಷ ನಾಲ್ಕು ದಿನ ಬಿಡುವು ಇರಲಿ. ರಿಪೇರಿ ಆಗುವುದು ಆ ನಾಲ್ಕು ದಿನದಲ್ಲೇ.

ಹಂತ 9: ಕಟ್ಟುವುದು, ಸಾಗಿಸುವುದು

ಮುಚ್ಚಳ ಇರುವ ಪ್ಲಾಸ್ಟಿಕ್ ಕ್ರೇಟ್, ಒಳಗೆ ಫೋಮ್. ಒಂದು ಮೇಜಿನ ಸಾಮಾನೆಲ್ಲ, ಟೀವಿ ಬಿಟ್ಟು, ಒಂದೇ ಕ್ರೇಟಿನಲ್ಲಿ. ಕ್ರೇಟಿಗೂ ಅದೇ ಬಣ್ಣದ ಟೇಪ್. ಸರಿಯಾಗಿ ಜೋಡಿಸಿದ ಮೇಲೆ ಒಂದು ಫೋಟೋ ತೆಗೆದು, ಮುದ್ರಿಸಿ, ಮುಚ್ಚಳದ ಒಳಬದಿಗೆ ಅಂಟಿಸಿ. ಬಿಚ್ಚಿದವರೇ ಕಟ್ಟುತ್ತಾರೆ ಅನ್ನುವ ಗ್ಯಾರಂಟಿ ಇಲ್ಲ. ಫೋಟೋ ನೋಡಿ ಯಾರು ಬೇಕಾದರೂ ಕಟ್ಟಬಹುದು.

ಡಬ್ಬಾ ಟೀವಿಯ ಭಾರವೆಲ್ಲ ಮುಂದಿನ ಗಾಜಿನಲ್ಲಿರುತ್ತದೆ. ಎತ್ತುವಾಗ ಗಾಜು ನಿಮ್ಮ ಎದೆ ಕಡೆ ಇರಲಿ. ಗಾಡಿಯಲ್ಲಿ ದಪ್ಪ ಹಾಸಿಗೆ ಮೇಲೆ ಗಾಜು ಕೆಳಗೆ ಮಾಡಿ ಇಡಿ, ಒಂದರ ಮೇಲೊಂದು ಬೇಡ. ಟಾರ್ಪಾಲು ಎರಡು ಪದರ, ಮೋಡ ಇಲ್ಲದಿದ್ದರೂ.

ಜೊತೆಗೆ ಒಂದು ಕಾಗದದ ಫೈಲ್: ಸಾಮಾನಿನ ಪಟ್ಟಿ, ಮಾರಾಟಕ್ಕಲ್ಲ ಅಂತ ಬರೆದ ಡೆಲಿವರಿ ಚಲನ್, ಎರವಲು ಪತ್ರಗಳ ಪ್ರತಿ. ಸಾಮಾನಿನ ಬೆಲೆ 50,000 ರೂಪಾಯಿ ದಾಟುವುದಾದರೆ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಜಿಎಸ್‌ಟಿ ಲೆಕ್ಕದ ಆನ್‌ಲೈನ್ ಚೀಟಿ, ಬೇಕಾ ಅಂತ ನಿಮ್ಮ ಆಡಿಟರ್ ಹತ್ತಿರ ಮೊದಲೇ ಕೇಳಿ, ದಾರಿಯಲ್ಲಿ ಗಾಡಿ ತಡೆದಾಗ ಅಲ್ಲ.

ಹಂತ 10: ಬಾಗಿಲು ತೆರೆದ ಮೇಲೆ

ಎರಡು ಮೇಜಿಗೆ ಒಬ್ಬ ಸ್ವಯಂಸೇವಕ ಇರಲಿ. ಆ ಊರಿನವರೇ ಆದರೆ ಒಳ್ಳೆಯದು. ಒಬ್ಬರಿಗೆ ಐದು ನಿಮಿಷ. ಅಡುಗೆಮನೆಯ ಟೈಮರ್ ಇಡಿ, ಗಂಟೆ ಹೊಡೆದರೆ ಯಾರೂ ವಾದ ಮಾಡುವುದಿಲ್ಲ. ನೀವೇ "ಸಾಕಪ್ಪ, ಎದ್ದೇಳು" ಅಂದರೆ ಮಾಡುತ್ತಾರೆ.

ಆಗಿನ ಪಾರ್ಲರ್‌ಗಳು ಬಹುಮಟ್ಟಿಗೆ ಹುಡುಗರ ಜಾಗ. ಅದನ್ನೇ ಮತ್ತೆ ಕಟ್ಟಬೇಡಿ. ದಿನಕ್ಕೆ ಒಂದು ಗಂಟೆ ಹೆಂಗಸರಿಗೆ, ಹುಡುಗಿಯರಿಗೆ ಮಾತ್ರ ಇಡಿ. ಮೇಲಿಂದ ಬೀಳುವ ಚೂರುಗಳನ್ನು ಹೊಂದಿಸುವ ಟೆಟ್ರಿಸ್ ಗೇಮಿನ ಮೇಜಿನ ಮುಂದೆ ಅಜ್ಜಿಯಂದಿರನ್ನು ಕೂರಿಸಿ ನೋಡಿ. ಡಬ್ಬಿಯಲ್ಲಿ ಡಬ್ಬಿ ಹೊಂದಿಸಿ ಇಡುವುದು ಅವರಿಗೆ ಕಲಿಸಬೇಕಾದ ವಿದ್ಯೆಯೇ ಅಲ್ಲ.

ಹೊರಹೋಗುವ ಬಾಗಿಲ ಪಕ್ಕ ಒಂದು ಉದ್ದ ನೋಟ್‌ಬುಕ್ ಇಡಿ, ದಾರದಲ್ಲಿ ಪೆನ್ನು ಕಟ್ಟಿ. ಮೇಲೆ ಮೂರು ಪ್ರಶ್ನೆ ಬರೆಯಿರಿ: ನೀವು ಯಾವ ಅಂಗಡಿಯಲ್ಲಿ ಆಡುತ್ತಿದ್ದಿರಿ? ಗಂಟೆಗೆ ಎಷ್ಟು ಕೊಡುತ್ತಿದ್ದಿರಿ? ಮನೆಯಲ್ಲಿ ಏನಂತ ಸುಳ್ಳು ಹೇಳಿ ಹೋಗುತ್ತಿದ್ದಿರಿ? ಫೋನ್ ನಂಬರ್ ಕೇಳಬೇಡಿ. ಒಂದು ಊರಿನ ಉತ್ತರಗಳಲ್ಲಿ ಚೆನ್ನಾಗಿರುವ ಹತ್ತನ್ನು ಹೆಸರಿಲ್ಲದೆ ಮುದ್ರಿಸಿ ಮುಂದಿನ ಊರಿನ ಗೋಡೆಗೆ ಹಾಕಿ. ಪಾರ್ಲರ್ ನಡೆಸಿದವರು ಯಾರಾದರೂ ಬಂದರೆ ಕುರ್ಚಿ ಹಾಕಿ ಕೂರಿಸಿ, ಒಪ್ಪಿದರೆ ಮಾತು ರೆಕಾರ್ಡ್ ಮಾಡಿಕೊಳ್ಳಿ. ಹಳೇ ಅಂಗಡಿ ಬೋರ್ಡು, ಕಾಯಿನ್, ಬಾಡಿಗೆ ಲೆಕ್ಕದ ಪುಸ್ತಕ ಇದೆಯಾ ಅಂತ ಕೇಳಿ. ಮೂರನೇ ಊರಿಗೆ ಹೋಗುವ ಹೊತ್ತಿಗೆ ನಿಮ್ಮ ಗಾಜಿನ ಪೆಟ್ಟಿಗೆಯಲ್ಲಿ ನೀವು ಹೊರಡುವಾಗ ಇಲ್ಲದ ಒಂದೆರಡು ವಸ್ತು ಸೇರಿರುತ್ತವೆ. ಅವಕ್ಕೂ ಎರವಲು ಪತ್ರ, ಸ್ಥಿತಿ ಚೀಟಿ ಮಾಡಿಸಿ.

ಕೊನೇ ದಿನ ಸಂಜೆ ಎಲ್ಲರಿಗೂ ಮನೆಗೆ ಹೋಗುವ ಆತುರ. ಆದರೂ ಸೆಲ್ ತೆಗೆಯಿರಿ, ರಿಮೋಟ್ ಒರೆಸಿ, ಮುಚ್ಚಳದ ಫೋಟೋ ನೋಡಿ ಕಟ್ಟಿ, ಕೆಟ್ಟದ್ದಕ್ಕೆ ಕೆಂಪು ಚೀಟಿ ಹಚ್ಚಿ. ಕೆಂಪು ಚೀಟಿಯ ಕ್ರೇಟ್‌ಗಳನ್ನು ಗಾಡಿಗೆ ಕೊನೆಯಲ್ಲಿ ಹಾಕಿ. ಬಾಗಿಲ ಹತ್ತಿರ ಇದ್ದರೆ ರಿಪೇರಿ ಅಂಗಡಿ ಮುಂದೆ ಅವನ್ನಷ್ಟೇ ಇಳಿಸಿ ಮುಂದೆ ಹೋಗಬಹುದು.